ಮೈಲುಗಲ್ಲು ಯಾರ ಸ್ವತ್ತು? ರಾಯಚೂರು–ಲಿಂಗಸುಗೂರು ಹಳೆಯ ಮೋಟಾರು ರಸ್ತೆಗಾಗಿ ಕಚೇರಿ ಅಲೆದ ಅನುಭವ

ರಾಯಚೂರಿನಿಂದ ಸಿರವಾರ, ಕವಿತಾಳದ ಮೇಲೆ ಲಿಂಗಸುಗೂರಿಗೆ ಹೋಗುವ ಹಳೆಯ ರಸ್ತೆಯ ಒಂದು ತುಂಡು, ಅದರ ಮೇಲಿನ ಕಲ್ಲುಕಮಾನಿನ ಕಿರುಸೇತುವೆ ಮತ್ತು ಅಂಚಿನ ಮೈಲುಗಲ್ಲುಗಳು ಸರ್ಕಾರದ ಸ್ವತ್ತು ಎಂದು ಬರಹದಲ್ಲಿ ಒಪ್ಪಿಕೊಂಡ ಒಂದು ಪುಟದ ಆದೇಶ ಕೊನೆಗೂ ನಮ್ಮ ಕೈಸೇರಿತು. ಕಲ್ಲುಗಳನ್ನು ಮೊದಲಿನ ಜಾಗದಲ್ಲೇ ಮರಳಿ ನಿಲ್ಲಿಸಲು ಅದರಲ್ಲಿ ಅನುಮತಿಯೂ ಇದೆ. ಓದುವವರಿಗೆ ಇದು ಸಣ್ಣ ವಿಷಯವೆನಿಸಬಹುದು. ಆದರೆ ಆ ಪುಟಕ್ಕಾಗಿ ನಾವು ಹತ್ತಿಳಿದ ಮೆಟ್ಟಿಲುಗಳು, ಹಾಕಿದ ಅರ್ಜಿಗಳು, ಪಡೆದ ಸ್ವೀಕೃತಿ ಚೀಟಿಗಳು ಒಂದು ಟ್ರಂಕು ತುಂಬುವಷ್ಟಿವೆ. ಬೇರೆ ತಾಲ್ಲೂಕುಗಳಲ್ಲಿ ಇಂಥದೇ ಕೆಲಸಕ್ಕೆ ಕೈಹಾಕುವವರು ನಮ್ಮಷ್ಟು ಸುತ್ತಬಾರದೆಂಬ ಕಾರಣಕ್ಕೆ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಈ ರಸ್ತೆಯೇ ಏಕೆ ಎಂದು ಕೇಳಿದವರು ಬಹಳ ಮಂದಿ. ಮುಂಬಯಿ ಮತ್ತು ಮದ್ರಾಸಿನ ಕಡೆಗಳಿಂದ ಬಂದ ರೈಲುಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ, ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯ ಪಶ್ಚಿಮ ಭಾಗಕ್ಕೆ ಆ ಸ್ಟೇಷನ್ನೇ ಹೆಬ್ಬಾಗಿಲಾಯಿತು. ಲಿಂಗಸುಗೂರು ಆಗ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ದಂಡು ಬೀಡುಬಿಟ್ಟಿದ್ದ ಊರು. 1905ರಲ್ಲಿ ರಾಯಚೂರಿಗೆ ಸೇರುವವರೆಗೆ ತನ್ನದೇ ಹೆಸರಿನ ಜಿಲ್ಲೆಗೆ ಕೇಂದ್ರವೂ ಆಗಿತ್ತು. ಹಟ್ಟಿಯ ಚಿನ್ನದ ಗಣಿಯೂ ಅದೇ ದಿಕ್ಕಿನಲ್ಲಿದೆ. ಇಷ್ಟಿದ್ದರೂ ನಿಜಾಮರ ಆಳ್ವಿಕೆಯುದ್ದಕ್ಕೂ ರೈಲು ಆ ಕಡೆಗೆ ತಿರುಗಲಿಲ್ಲವಾದ್ದರಿಂದ, ಸುಮಾರು 90 ಕಿಲೋಮೀಟರ್ ಉದ್ದದ ಈ ದಾರಿಯಲ್ಲಿ ಮೊದಲು ಎತ್ತಿನ ಗಾಡಿ, ಆಮೇಲೆ ಮೋಟಾರು, ಇವೆರಡೇ ಜನರಿಗೆ ಗತಿಯಾಗಿದ್ದವು. ನಿಜಾಮ್ ಸ್ಟೇಟ್ ರೈಲ್ವೆಯು 1932ರ ಜೂನ್‌ನಲ್ಲಿ 27 ಬಸ್ಸು ಮತ್ತು 166 ನೌಕರರೊಂದಿಗೆ ತನ್ನ ರಸ್ತೆ ಸಾರಿಗೆ ವಿಭಾಗವನ್ನು ತೆರೆಯಿತು. ದೇಶದಲ್ಲಿ ಸರ್ಕಾರವೇ ಬಸ್ಸು ಓಡಿಸಿದ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಇಂದು ನಮ್ಮೂರಿನ ನಿಲ್ದಾಣಕ್ಕೆ ಬರುವ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನ ವಂಶಾವಳಿ ಬಿಡಿಸಿದರೆ ಬೇರು ಅಲ್ಲಿಗೇ ಹೋಗಿ ಮುಟ್ಟುತ್ತದೆ.

ನಮ್ಮದು ನೋಂದಾಯಿತ ಸಂಘವಲ್ಲ. ನಾನು ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕ. ಜೊತೆಗೆ ನಿವೃತ್ತ ಬಸ್ ಚಾಲಕರೊಬ್ಬರು, ಸರ್ವೆ ಕೆಲಸ ಬಲ್ಲ ಒಬ್ಬ ಯುವಕ, ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮೌಲ್ವಿ ಸಾಹೇಬರು, ಮತ್ತು ಕ್ಯಾಮೆರಾ ಹಿಡಿದು ಬರುವ ಒಂದಿಬ್ಬರು ಹಳೆಯ ವಿದ್ಯಾರ್ಥಿಗಳು. ರಾಜ್ಯ ಹೆದ್ದಾರಿ 20 ಎಂದು ದಾಖಲೆಯಲ್ಲಿದ್ದ ರಸ್ತೆ ಅಗಲವಾಗುತ್ತಾ ನೇರವಾಗುತ್ತಾ ಬಂದಾಗ ಹಳೆಯ ತಿರುವುಗಳು ಒಂದೊಂದಾಗಿ ಪಕ್ಕಕ್ಕೆ ಬಿದ್ದವು. ಬದಿಯ ಹುಣಸೆ, ಬೇವಿನ ಮರಗಳು ಉರುಳಿದವು, ಮೈಲುಗಲ್ಲುಗಳಲ್ಲಿ ಕೆಲವು ಮಣ್ಣಿನಡಿ ಹೋದವು, ಕೆಲವು ಮನೆಗಳ ಅಂಗಳ ಸೇರಿದವು. ಉಳಿದವನ್ನಾದರೂ ಉಳಿಸೋಣವೆಂದು ಮೊದಲ ಮನವಿ ಬರೆದಾಗ, ಯಾರಿಗೆ ಬರೆಯಬೇಕು ಎಂಬ ಪ್ರಶ್ನೆಯೇ ಇಷ್ಟು ದೊಡ್ಡದಿದೆಯೆಂದು ನಮಗೆ ಹೊಳೆದಿರಲಿಲ್ಲ.

ರಸ್ತೆ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಮನವಿಯನ್ನು ಓದಿದ ಗುಮಾಸ್ತರು ದಪ್ಪನೆಯ ಪುಸ್ತಕ ತೆರೆದು, ಬೆರಳಿಟ್ಟು ಹುಡುಕಿ, ಮುಚ್ಚಿದರು. "ಸರ, ನಮ್ಮ ಪುಸ್ತಕದಾಗ ಈ ರಸ್ತಿನೇ ಇಲ್ರಿ. ಇಲ್ಲದ ರಸ್ತಿಗೆ ನಾವು ಹ್ಯಾಂಗ ಸಹಿ ಹಾಕೋದು?" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊಸ ನೇರ ದಾರಿ ಬಂದ ಮೇಲೆ ಅವರ ರಿಜಿಸ್ಟರಿನಲ್ಲಿ ಅದೇ ರಸ್ತೆಯಾಗಿ ಉಳಿದಿತ್ತು, ಹಳೆಯ ತಿರುವು ಲೆಕ್ಕದಿಂದ ಹೊರಗಾಗಿತ್ತು. ಅಲ್ಲಿಂದ ಪಂಚಾಯತ್ ರಾಜ್ ಎಂಜಿನಿಯರಿಂಗ್ ಕಡೆಗೆ ಹೋಗಿ ಎಂದರು, ಅಲ್ಲಿನವರು ಗ್ರಾಮ ಪಂಚಾಯಿತಿಗೆ ಕಳಿಸಿದರು, ಗ್ರಾಮ ಪಂಚಾಯಿತಿಯವರು ಅದು ಹೆದ್ದಾರಿಯವರದು ಎಂದರು. ಹೀಗೆ ಒಂದು ಸುತ್ತು ಮುಗಿದು ನಾವು ಮೊದಲಿನ ಮೇಜಿಗೇ ಬಂದು ನಿಂತಾಗ ನಗುವೂ ಬಂತು, ಸಿಟ್ಟೂ ಬಂತು. ಗುಂಪಿನ ಒಬ್ಬಿಬ್ಬರು ಅಲ್ಲಿಗೇ ಕೈಬಿಟ್ಟರು. ಅವರನ್ನು ನಾನು ದೂರುವುದಿಲ್ಲ.

ದಾರಿ ತೋರಿದ್ದು ಸರ್ವೆ ಬಲ್ಲ ಯುವಕ. ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಹಳೆಯ ತಿರುವಿನ ಮೇಲೆ ನಿಂತರೆ ಸುತ್ತಲಿನ ಸರ್ವೆ ನಂಬರುಗಳು ಮೂಡುತ್ತವೆ. ಆ ನಂಬರುಗಳನ್ನು ಬರೆದುಕೊಂಡು ಗ್ರಾಮ ನಕ್ಷೆ ಮತ್ತು ಆಕಾರಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಬರೆದಿಟ್ಟ ಕಂದಾಯದ ಪಟ್ಟಿ) ತೆಗೆಸಿದೆವು. ನಕ್ಷೆಯಲ್ಲಿ ಜೋಡಿಗೆರೆಯ ದಾರಿ ಹಳೆಯ ತಿರುವಿನ ಮೇಲೆಯೇ ಹಾಯುತ್ತಿತ್ತು, ಆಕಾರಬಂದಿನಲ್ಲಿ ಅಷ್ಟು ಗುಂಟೆಯನ್ನು ಹೊಲಗಳ ವಿಸ್ತೀರ್ಣದಿಂದ ಕಳೆದು ‘ಬ’ ಖರಾಬು ಎಂದು ತೋರಿಸಿದ್ದರು. ಕೃಷಿಗೆ ಬಾರದ ಕಲ್ಲುನೆಲ ‘ಅ’ ಖರಾಬು. ರಸ್ತೆ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ ‘ಬ’ ಖರಾಬು. ರಸ್ತೆ ಇಲಾಖೆ ಬಿಟ್ಟುಕೊಟ್ಟರೂ ನೆಲ ಕಂದಾಯದ ಲೆಕ್ಕದಲ್ಲಿ ಸಾರ್ವಜನಿಕ ದಾರಿಯಾಗಿಯೇ ಉಳಿದಿರುತ್ತದೆ, ಆದ್ದರಿಂದ ಮೊದಲ ಅರ್ಜಿ ಹೋಗಬೇಕಾದದ್ದು ತಹಶೀಲ್ದಾರರಿಗೆ. ಈ ಕೆಲಸಕ್ಕೆ ಇಳಿಯುವವರು ಬೇರೆಲ್ಲವನ್ನೂ ಬದಿಗಿಟ್ಟು ಮೊದಲು ಈ ಎರಡು ಕಾಗದಗಳನ್ನು ಕೈಗೆ ತಂದುಕೊಳ್ಳಿ. ಇತಿಹಾಸದ ಮಹತ್ವವನ್ನು ಎಷ್ಟೇ ಚೆನ್ನಾಗಿ ವಿವರಿಸಿದರೂ ತಲೆದೂಗಿ ಸುಮ್ಮನಾಗುವ ಮೇಜುಗಳು, ಸರ್ವೆ ನಂಬರು ಮತ್ತು ಖರಾಬಿನ ಗುಂಟೆ ಹೇಳಿದ ಕೂಡಲೇ ಕಡತ ತೆರೆಯುತ್ತವೆ.

ರಸ್ತೆ ಯಾವಾಗ ನೇರವಾಯಿತು, ಯಾವ ಕಲ್ಲುಗಳನ್ನು ತೆಗೆದರು ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆವು. ಶುಲ್ಕ 10 ರೂಪಾಯಿ, ಅಂಚೆ ಆರ್ಡರ್ ಸಾಕು. ಪ್ರತಿ ಪುಟದ ನಕಲಿಗೆ 2 ರೂಪಾಯಿ. ಆದರೆ ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದೂ 150 ಪದಗಳೊಳಗೆ. ನಮ್ಮ ಗುಂಪಿನವರೊಬ್ಬರು ರಸ್ತೆಯ ಪೂರ್ವೇತಿಹಾಸದಿಂದ ಆರಂಭಿಸಿ ಎರಡು ಪುಟ ತುಂಬಿಸಿದ್ದ ಅರ್ಜಿ ಈ ಕಾರಣಕ್ಕೇ ತಿರುಗಿ ಬಂತು. ಅದನ್ನು ಬಿಡಿಸಿ, ಒಂದರಲ್ಲಿ ಗುತ್ತಿಗೆಯ ಅಂದಾಜು ಪಟ್ಟಿ, ಇನ್ನೊಂದರಲ್ಲಿ ತೆಗೆದುಹಾಕಿದ ಕಲ್ಲುಗಳ ವಿವರ, ಮತ್ತೊಂದರಲ್ಲಿ ಹಳೆಯ ನಕ್ಷೆ ಎಂದು ಬೇರೆ ಬೇರೆ ಅರ್ಜಿ ಮಾಡಿದೆವು. 30 ದಿನ ಕಳೆದರೂ ಉತ್ತರ ಬಾರದ ಒಂದಕ್ಕೆ ಮೊದಲ ಮೇಲ್ಮನವಿ ಸಲ್ಲಿಸಬೇಕಾಯಿತು. ಮೇಲ್ಮನವಿಯ ನೋಟಿಸು ಹೋದ ವಾರದಲ್ಲೇ, ‘ಲಭ್ಯವಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದ್ದ ಕಡತ ಲಭ್ಯವಾಯಿತು.

ನಕ್ಷೆಗಳ ವಿಷಯದಲ್ಲಿ ಒಂದು ಮಾತು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಾಳೆಗಳಲ್ಲಿ ರಾಯಚೂರು 56 ಎಚ್ ಗುಂಪಿಗೂ ಲಿಂಗಸುಗೂರು 56 ಡಿ ಗುಂಪಿಗೂ ಸೇರುತ್ತವೆ. ಅವೆರಡರ ಗಡಿಯಾದ 77 ಡಿಗ್ರಿ ರೇಖಾಂಶ ನಮ್ಮ ರಸ್ತೆಯನ್ನು ಸಿರವಾರದ ಆಸುಪಾಸಿನಲ್ಲಿ ಕತ್ತರಿಸುತ್ತದೆ. ಒಂದೇ ಗುಂಪಿನ ಹಾಳೆ ತಂದರೆ ಅರ್ಧ ರಸ್ತೆ ಮಾತ್ರ ಸಿಗುತ್ತದೆ. ಅಮೆರಿಕದ ಸೇನೆ 1950ರ ದಶಕದಲ್ಲಿ ಅಚ್ಚು ಹಾಕಿಸಿದ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಅಳತೆ ಸಣ್ಣದಾದರೂ ಹೆದ್ದಾರಿ ನೇರವಾಗುವ ಮೊದಲಿನ ಬಾಗು ಬಳುಕು ಅದರಲ್ಲಿ ಕಾಣುತ್ತದೆ. ಅದನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹಾಸಿ ನೋಡಿದಾಗ, ಹೊಲಗಳ ನಡುವೆ ಸಾಲುಗಟ್ಟಿ ನಿಂತ ಮರಗಳು ಹಳೆಯ ರಸ್ತೆಯ ಗೆರೆಯನ್ನೇ ಹಿಡಿದಿರುವುದು ಗೊತ್ತಾಯಿತು.

ಮುಂದಿನ ಹಂತ ಹೈದರಾಬಾದ್. ನಿಜಾಮರ ಕಾಲದ ಲೋಕೋಪಯೋಗಿ ಕಡತಗಳು ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಗುರುತಿನ ಚೀಟಿಯೊಂದಿಗೆ, ಯಾವ ವಿಷಯಕ್ಕಾಗಿ ಯಾವ ಅವಧಿಯ ಕಾಗದ ಬೇಕೆಂದು ತಿಳಿಸುವ ಪತ್ರವನ್ನು ಶಾಲೆ ಅಥವಾ ಕಾಲೇಜಿನ ತಲೆಬರಹದಲ್ಲಿ ಒಯ್ದರೆ ಕೆಲಸ ಸಲೀಸಾಗುತ್ತದೆ. ಕಡತ ಕೇಳಿ ಬರೆದುಕೊಟ್ಟ ಕೂಡಲೇ ಅದು ಮೇಜಿಗೆ ಬರುವುದಿಲ್ಲ, ಒಂದೇ ದಿನದಲ್ಲಿ ಮುಗಿಸಿ ರಾತ್ರಿಯ ಬಸ್ಸು ಹಿಡಿಯುತ್ತೇವೆಂಬ ಲೆಕ್ಕ ಬೇಡ. ಉಳಿದುಕೊಳ್ಳಲು ಪರಿಚಯದವರ ಮನೆಯಿದ್ದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ.

ಕಡತ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಆಡಳಿತ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲದ ಬರಹ ಅದು, ಅದರಲ್ಲೂ ಶಿಕಸ್ತಾ ಎಂಬ ವೇಗದ ಕೈಬರಹ. ಅಚ್ಚಿನ ಉರ್ದು ಓದಬಲ್ಲವರಿಗೂ ಅದು ದಕ್ಕುವುದಿಲ್ಲ, ಚುಕ್ಕೆಗಳನ್ನು ಬರೆದವರು ಬಿಟ್ಟೇ ಬಿಟ್ಟಿರುತ್ತಾರೆ. ಮೌಲ್ವಿ ಸಾಹೇಬರು ಮೊದಲ ದಿನವೆಲ್ಲ ಕನ್ನಡಕ ತೆಗೆದು ಹಾಕಿ, ಒಂದೇ ಗುಮಾಸ್ತನ ಕೈಬರಹದ ಹಲವು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಅವನು ‘ಸಡಕ್’ ಎಂಬ ಪದವನ್ನು ಹೇಗೆ ಬರೆಯುತ್ತಾನೆಂದು ಮಾತ್ರ ನೋಡಿದರು. "ಮಾಸ್ತರ್ ಸಾಬ್, ಇವನ ಕೈ ಒಮ್ಮೆ ಹಿಡಿದರೆ ಆಮೇಲೆ ಇವನೇ ಓದಿ ಹೇಳ್ತಾನೆ" ಎಂದರು. ಹಾಗೆಯೇ ಆಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಜಲ್ಲಿಯ ಲೆಕ್ಕ, ಗರಸಿನ ಲೆಕ್ಕ, ಮಳೆಗೆ ಕೊಚ್ಚಿಹೋದ ಒಡ್ಡಿನ ದುರಸ್ತಿಯ ಅಂದಾಜು ಒಂದೊಂದಾಗಿ ಬಾಯಿ ಬಿಟ್ಟವು.

ಆ ಕಾಗದಗಳಲ್ಲಿ ಹೊಸಬರನ್ನು ಎಡವಿಸುವ ಎರಡು ಸಂಗತಿಗಳಿವೆ. ಒಂದು, ಇಸವಿ. ನಿಜಾಮರ ಕಚೇರಿಗಳು ಫಸಲಿ ಎಂಬ ಕಂದಾಯ ವರ್ಷ ಬಳಸುತ್ತಿದ್ದವು, ಅದು ಅಕ್ಟೋಬರಿನಲ್ಲಿ ಬರುವ ಆಜೂರ್ ತಿಂಗಳಿನಿಂದ ಆರಂಭವಾಗುತ್ತದೆ. ಫಸಲಿಗೆ 590 ಕೂಡಿಸಿದರೆ ವರ್ಷದ ಮೊದಲ ತಿಂಗಳುಗಳ ಇಸವಿ ಸಿಗುತ್ತದೆ, ಜನವರಿಯಿಂದ ಮುಂದಕ್ಕೆ 591 ಕೂಡಿಸಬೇಕು. ಬಸ್ಸುಗಳು ಆರಂಭವಾದ 1932ರ ಜೂನ್ ಆ ಲೆಕ್ಕದಲ್ಲಿ 1341 ಫಸಲಿ. ಮದ್ರಾಸ್ ಪ್ರಾಂತ್ಯದ ಫಸಲಿ ಜುಲೈನಲ್ಲಿ ಆರಂಭವಾಗುತ್ತಿತ್ತಾದ್ದರಿಂದ ಬಳ್ಳಾರಿ ಕಡೆಯ ಗೆಳೆಯರು ಈ ಸೂತ್ರವನ್ನು ಹಾಗೆಯೇ ಎತ್ತಿಕೊಳ್ಳಬಾರದು. ಇನ್ನೊಂದು, ಹಣ. ಅಂದಾಜು ಪಟ್ಟಿಯ ರೂಪಾಯಿ ನಿಜಾಮರ ಹಾಲಿ ಸಿಕ್ಕಾ. ಬ್ರಿಟಿಷರ ಕಲ್ದಾರ್ ರೂಪಾಯಿ ಬೇರೆ. ಹೆಚ್ಚುಕಡಿಮೆ 7 ಹಾಲಿಗೆ 6 ಕಲ್ದಾರ್. ತುಂಗಭದ್ರೆಯ ಆಚೆ ದಡದ ರಸ್ತೆಯ ಖರ್ಚಿನೊಂದಿಗೆ ಹೋಲಿಸುವವರು ಇದನ್ನು ಮರೆತರೆ ನಮ್ಮ ರಸ್ತೆ ಸುಮ್ಮಸುಮ್ಮನೆ ದುಬಾರಿಯಾಗಿ ಕಾಣುತ್ತದೆ.

ಬಳ್ಳಾರಿಯವರಿಗೆ ಹೇಳುವುದಾದರೆ, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಆ ಜಿಲ್ಲೆ ಮದ್ರಾಸಿನದು, ಹೀಗಾಗಿ ಹಳೆಯ ಕಡತ ಹುಡುಕಬೇಕಾದದ್ದು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ. ಅಲ್ಲಿ ಆಡಳಿತದ ಭಾಷೆ ಇಂಗ್ಲಿಷ್ ಆಗಿದ್ದುದರಿಂದ ಓದುವ ಕಷ್ಟ ಕಡಿಮೆ. ಮದ್ರಾಸ್ ಪ್ರಾಂತ್ಯದಲ್ಲಿ 1931ರಲ್ಲಿ ಮೋಟಾರು ತೆರಿಗೆ ಕಾಯಿದೆ ಬಂದು ರಸ್ತೆ ಸುಂಕದ ಕಟ್ಟೆಗಳು ಎದ್ದುಹೋದವು. ಸುಂಕಕಟ್ಟೆ ಎಂಬ ಹೆಸರು ಉಳಿದಿರುವ ಜಾಗಗಳಿದ್ದರೆ ಅಲ್ಲಿಂದ ಹುಡುಕಾಟ ಆರಂಭಿಸಬಹುದು.

ಇನ್ನು ಕಲ್ಲುಗಳ ಕಥೆ. ನಮಗೆ ಸಿಕ್ಕ ಕಲ್ಲುಗಳ ಒಂದು ಮೈಯಲ್ಲಿ ಇಂಗ್ಲಿಷ್ ಅಂಕಿ, ಇನ್ನೊಂದು ಮೈಯಲ್ಲಿ ಉರ್ದು ಅಂಕಿ ಇವೆ. ಉರ್ದುವಿನ ಐದು ತಲೆಕೆಳಗಾದ ವೀಳ್ಯದೆಲೆಯಂತಿದ್ದು ಸುಲಭವಾಗಿ ಗುರುತಾಗುತ್ತದೆ. ತೊಡಕು ಸೊನ್ನೆಯದು: ಅದು ಬರೀ ಒಂದು ಚುಕ್ಕೆ. ಇಂಗ್ಲಿಷ್ ಮೈ ಪೂರ್ತಿ ಸವೆದಿದ್ದ ಒಂದು ಕಲ್ಲನ್ನು ಊರಿನವರೆಲ್ಲ ‘ಮೂರನೇ ಮೈಲಿನ ಕಲ್ಲು’ ಎನ್ನುತ್ತಿದ್ದರು, ಆದರೆ ರಾಯಚೂರಿನಿಂದ ಮೂರು ಮೈಲಿಗೆ ಆ ಊರು ಇಲ್ಲವೇ ಇಲ್ಲ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದಾಗ, ಮೂರರ ಬಲಕ್ಕೆ ಬಟಾಣಿ ಕಾಳಿನಷ್ಟು ಗುಂಡಿಯೊಂದು ನೆರಳು ಕಟ್ಟಿ ಎದ್ದು ಕಂಡಿತು. ಅದರ ಅಂಚು ಉಳಿಯ ಪೆಟ್ಟಿನಿಂದ ದುಂಡಗಾಗಿತ್ತು, ಕಲ್ಲು ಸಿಡಿದ ಗುರುತಾಗಿದ್ದರೆ ಒರಟಾಗಿರುತ್ತಿತ್ತು. 30ನೇ ಮೈಲಿ ಎಂದರೆ ಸುಮಾರು 48 ಕಿಲೋಮೀಟರ್. ಹಳೆಯ ದಾರಿಯ ಗೆರೆಯ ಮೇಲೆ ಅಳೆದು ನೋಡಿದರೆ ತಾಳೆಯಾಯಿತು. ಅಳೆಯುವಾಗ ಹೊಸ ನೇರ ರಸ್ತೆಯ ಮೇಲೆ ಅಳೆಯಬೇಡಿ, ತಿರುವುಗಳನ್ನು ನುಂಗಿದ ಆ ದೂರ ಯಾವತ್ತೂ ಕಡಿಮೆ ಬರುತ್ತದೆ. ಎಂಟು ಫರ್ಲಾಂಗಿಗೆ ಒಂದು ಮೈಲಿ, ಒಂದು ಫರ್ಲಾಂಗಿಗೆ ಸುಮಾರು 201 ಮೀಟರ್. ನಡುವೆ ಸಿಗುವ ಕುಳ್ಳಗಿನ ಕಲ್ಲುಗಳನ್ನು ಬಿಟ್ಟುಬಿಡಬೇಡಿ, ಅವು ಫರ್ಲಾಂಗ್ ಕಲ್ಲುಗಳಿರಬಹುದು.

ಕಾಮಗಾರಿಯ ಹುಡುಗರು ಉತ್ಸಾಹದಲ್ಲಿ ಒಂದು ಕಲ್ಲಿಗೆ ಹಳದಿ ಬಣ್ಣ ಬಳಿದು ಬಿಟ್ಟಿದ್ದರು. ಬಣ್ಣ ಕೀಳಲು ಉಳಿ, ತಂತಿಯ ಬ್ರಷ್ಷು, ಆಸಿಡ್ ಯಾವುದನ್ನೂ ಮುಟ್ಟಿಸಬಾರದೆಂದು ಶಾಸನಗಳ ಕೆಲಸ ಬಲ್ಲ ಹಿರಿಯರೊಬ್ಬರು ಎಚ್ಚರಿಸಿದರು. ಬಿದಿರಿನ ಚಕ್ಕೆ, ಮೆತ್ತನೆಯ ಬ್ರಷ್ಷು ಹಾಗೂ ನೀರಿನಿಂದ ಆದಷ್ಟು ತೆಗೆದು ಉಳಿದದ್ದನ್ನು ಹಾಗೆಯೇ ಬಿಟ್ಟೆವು. ಅಂಕಿಗಳನ್ನು ಶಾಸನಗಳಿಗೆ ತೆಗೆಯುವಂತೆಯೇ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆದುಕೊಂಡೆವು.

ಕಲ್ಲು ಯಾರದೇ ಅಂಗಳದಲ್ಲಿದ್ದರೂ ಅದನ್ನು ನೀವಾಗಿ ಎತ್ತಿ ತರಬೇಡಿ. ಅದು ಸರ್ಕಾರದ ಸ್ವತ್ತು, ಸಾಗಿಸುವಾಗ ಯಾರಾದರೂ ತಡೆದು ಕೇಳಿದರೆ ತೋರಿಸಲು ಕೈಯಲ್ಲಿ ಕಾಗದವಿರಬೇಕು. ನಮ್ಮ ಒಂದು ಕಲ್ಲು ಹಿತ್ತಲಿನ ತೊಟ್ಟಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಬಂಡೆಯಾಗಿ ಮಲಗಿತ್ತು. ಆ ಮನೆಯ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, "ಮಾಸ್ತರ, ನಮ್ಮ ಅತ್ತಿ ಕಾಲದಿಂದ ಇದರ ಮ್ಯಾಲೆ ಅರಬಿ ಒಗಿಯಾಕತ್ತೀವಿ. ನೀವು ಇದನ್ನ ಒಯ್ದ್ರ ನಾ ಎಲ್ಲಿ ಒಗಿಲಿ?" ಎಂದು ಕೇಳಿದರು. ಕೇಳಿದ್ದು ನ್ಯಾಯವಾಗಿತ್ತು. "ಯವ್ವಾ, ಇದಕ್ಕಿಂತ ಚಲೋ ಬಂಡಿ ತಂದು ಹಾಕಿಸಿಕೊಡ್ತೀವಿ" ಎಂದು ಮಾತುಕೊಟ್ಟು, ಕಲ್ಲುಗಣಿಯಿಂದ ಅಗಲವಾದ ಚಪ್ಪಡಿ ತರಿಸಿ, ಅವರು ನೀರು ಹರಿಯುವ ಓಟ ನೋಡಿ ಸೈ ಎಂದ ಮೇಲೆಯೇ ಹಳೆಯದನ್ನು ಎತ್ತಿಸಿದೆವು. ಮಗುಚಿದಾಗ ಕಂಡದ್ದು ನಮ್ಮ ಪುಣ್ಯ: ಸಾಬೂನು ಸವೆಸಿದ್ದು ಹಿಂಬದಿಯನ್ನು ಮಾತ್ರ, ಮಣ್ಣಿಗೆ ಮುಖ ಮಾಡಿದ್ದ ಅಂಕಿಗಳು ನಿನ್ನೆ ಕೆತ್ತಿದಷ್ಟು ಹರಿತವಾಗಿದ್ದವು. ಇನ್ನೊಂದು ಕಲ್ಲಿಗೆ ಎಣ್ಣೆ, ಕುಂಕುಮ ಹಚ್ಚಿ ಊರಿನವರು ಹನುಮಪ್ಪನೆಂದು ನಡೆದುಕೊಳ್ಳುತ್ತಿದ್ದಾರೆ. ಅದನ್ನು ಕದಲಿಸುವ ಮಾತೇ ಎತ್ತಲಿಲ್ಲ. ಇದ್ದಲ್ಲೇ ಅಳತೆ ಮಾಡಿ, ಪೂಜಾರಿಯವರ ಅನುಮತಿ ಪಡೆದು ಚಿತ್ರ ತೆಗೆದು ಪಟ್ಟಿಗೆ ಸೇರಿಸಿದೆವು. ಮೈಲುಗಲ್ಲಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆಯನ್ನು ಯಾವ ಇಲಾಖೆಯೂ ಕೊಡಲಾರದು ಎಂದು ನನ್ನ ಅನಿಸಿಕೆ.

ಬಹಳ ಸಮಯ ತಿಂದದ್ದು ಅಳತೆ. ಹಳೆಯ ತಿರುವಿನ ಅರ್ಧ ಭಾಗವನ್ನು ಪಕ್ಕದ ಹೊಲದವರು ಉತ್ತು ಸೇರಿಸಿಕೊಂಡಿದ್ದರು. ನಾವು ಬಂದದ್ದನ್ನು ಕಂಡು, ರಸ್ತೆ ಮತ್ತೆ ತೆರೆದು ತಮ್ಮ ಹೊಲವನ್ನೂ ಹಿಡಿಯುತ್ತಾರೆಂದು ಅವರಿಗೆ ಹೆದರಿಕೆ. ಹದ್ದುಬಸ್ತಿನ (ಹೊಲದ ಗಡಿ ಅಳೆದು ಗುರುತಿಸುವ) ಅರ್ಜಿಯನ್ನು ಖಾಸಗಿಯವರು ತಮ್ಮ ಹೊಲಕ್ಕೆ ಮಾತ್ರ ಹಾಕಬಹುದು, ಖರಾಬು ಜಾಗದ ಅಳತೆಗೆ ತಹಶೀಲ್ದಾರರೇ ಸರ್ವೆಯವರಿಗೆ ಸೂಚಿಸಬೇಕು. ಸೂಚನೆಯಾಯಿತು, ಆದರೆ ಸರ್ವೆಯರ್ ಬರುವ ಹೊತ್ತಿಗೆ ಹತ್ತಿ ಎದೆಯೆತ್ತರ ನಿಂತಿತ್ತು. ಹತ್ತಿ ಬಿಡಿಸಿ ಮುಗಿದು, ಎರೆ ನೆಲ ಒಣಗಿ ಬಿರುಕು ಬಿಟ್ಟ ಮೇಲೆ ಅಳತೆ ನಡೆಯಿತು. ರೈತರ ಹೆದರಿಕೆ ಕರಗಿದ್ದು ಗ್ರಾಮಸಭೆಯಲ್ಲಿ. ದಾರಿ ಗಟ್ಟಿಯಾದರೆ ತಮ್ಮ ಟ್ರ್ಯಾಕ್ಟರಿಗೂ ಅನುಕೂಲ ಎಂಬುದನ್ನು ಅವರ ಓಣಿಯ ಹಿರಿಯರೇ ಅವರಿಗೆ ತಿಳಿಸಿ ಹೇಳಿದರು. ಪಂಚಾಯಿತಿಯ ಠರಾವು ಅಂದೇ ಬರೆದಾಯಿತು. ಠರಾವಿನಲ್ಲಿ ಸರ್ವೆ ನಂಬರು, ಗುಂಟೆ, ಕಲ್ಲುಗಳ ಸಂಖ್ಯೆ ಎಲ್ಲವೂ ನಮೂದಾಗಿವೆಯೇ ಎಂದು ಪುಸ್ತಕ ಮುಚ್ಚುವ ಮೊದಲೇ ಓದಿಸಿ ಕೇಳಿ, ದೃಢೀಕೃತ ನಕಲನ್ನು ಪಿಡಿಒ ಅವರಿಂದ ಕೂಡಲೇ ಪಡೆಯಿರಿ.

ಉಳುಮೆ ಕೊರೆದ ಅಂಚಿನಲ್ಲಿ ಹಳೆಯ ರಸ್ತೆಯ ಅಡ್ಡಪದರ ಬಯಲಾಗಿತ್ತು. ಕೆಳಗೆ ಕಪ್ಪು ಎರೆಯ ಮೇಲೆ ನಿಲ್ಲಿಸಿ ಜೋಡಿಸಿದ ಗುಂಡುಕಲ್ಲಿನ ಹಾಸು, ಅದರ ಮೇಲೆ ಕೈಯಿಂದ ಒಡೆದ ಜಲ್ಲಿ, ಸಂದುಗಳಲ್ಲಿ ಕೆಂಪು ಗರಸು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಎರೆ ನೆಲದ ಮೇಲೆ ಈ ಹಾಸಿಲ್ಲದೆ ಯಾವ ರಸ್ತೆಯೂ ಎರಡು ಮಳೆಗಾಲ ಕಾಣುವುದಿಲ್ಲ. ಕಬ್ಬಿಣದ ಪಟ್ಟಿಯ ಗಾಡಿಚಕ್ರ ಜಲ್ಲಿಯನ್ನು ಅರೆದು ಮಾಡಿದ ಪುಡಿ ನೀರಿನೊಂದಿಗೆ ಸೇರಿ ಕಲ್ಲುಗಳನ್ನು ಹಿಡಿದಿಡುತ್ತಿತ್ತು. ಮೋಟಾರಿನ ರಬ್ಬರ್ ಗಾಲಿ ಅದೇ ಪುಡಿಯನ್ನು ಹೀರಿ ಗಾಳಿಗೆ ಎಬ್ಬಿಸಿ ಜಲ್ಲಿಯನ್ನು ಸಡಿಲಗೊಳಿಸಿತು. ದೇಶದೆಲ್ಲೆಡೆ ಇದೇ ಗೋಳಾಗಿ, ಬ್ರಿಟಿಷ್ ಭಾರತದಲ್ಲಿ 1927ರಲ್ಲಿ ರಸ್ತೆಗಳ ಸುಧಾರಣೆಗೆ ಜಯಕರ್ ಸಮಿತಿ ನೇಮಕವಾದದ್ದು, 1929ರಿಂದ ಗ್ಯಾಲನ್ ಪೆಟ್ರೋಲಿಗೆ 2 ಆಣೆಯಂತೆ ಎತ್ತಿ ರಸ್ತೆ ನಿಧಿ ಕಟ್ಟಿದ್ದು ಈ ಹಿನ್ನೆಲೆಯಲ್ಲಿಯೇ. ನಮ್ಮ ಕಡತದಲ್ಲಿ ಮತ್ತೆ ಮತ್ತೆ ಬರುವ ಗರಸಿನ ಬೇಡಿಕೆಗೆ ಅರ್ಥ ಹೊಳೆದದ್ದು ಆ ಅಂಚಿನಲ್ಲಿ ಕುಳಿತು ನೋಡಿದಾಗ.

ಕಿರುಸೇತುವೆಯ ವಿಷಯ ಅರ್ಧ ದಾರಿಯಲ್ಲಿದೆ. 1961ರ ರಾಜ್ಯ ಪುರಾತತ್ವ ಕಾಯಿದೆಯಡಿ ಸಂರಕ್ಷಿತವೆಂದು ಘೋಷಣೆಯಾಗಬೇಕಾದರೆ ಮೊದಲು ಕರಡು ಅಧಿಸೂಚನೆ, ಆಕ್ಷೇಪಣೆಗೆ ಕಾಲಾವಕಾಶ, ಆಮೇಲೆ ಅಂತಿಮ ಅಧಿಸೂಚನೆ. ಶತಮಾನಗಳ ಗುಡಿ, ಕೋಟೆಗಳೇ ಸರದಿಯಲ್ಲಿರುವಾಗ ನಿಜಾಮರ ಕಾಲದ ಒಂದು ಮೋರಿಗೆ ಅದು ಸಿಗುವ ಭರವಸೆ ನನಗೆ ಹೆಚ್ಚಿಲ್ಲ. ಆದರೂ ಅಳತೆ, ಚಿತ್ರ, ಕಡತದ ನಕಲು ಸೇರಿಸಿ ಅರ್ಜಿ ಕಳಿಸಿದ್ದೇವೆ. ಅರ್ಜಿ ಬಾಕಿಯಿದೆ ಎಂಬ ಒಂದು ಸಾಲು ಕಡತದಲ್ಲಿದ್ದರೂ ಕೆಡಹುವವರು ಎರಡು ಸಲ ಯೋಚಿಸುತ್ತಾರೆ.

ಖರ್ಚಿನ ಮಾತು ಹೇಳಲೇಬೇಕು. ಅರ್ಜಿ, ನಕಲು, ನೋಟರಿ ಇವು ಸಾವಿರಗಳಲ್ಲಿ ಮುಗಿದವು. ದೊಡ್ಡ ಖರ್ಚು ಹೈದರಾಬಾದಿನ ಓಡಾಟ, ಕಲ್ಲು ಎತ್ತಿ ನಿಲ್ಲಿಸಿದ ಜೆಸಿಬಿಯ ಬಾಡಿಗೆ ಮತ್ತು ಕಲ್ಲುಕುಟಿಗರ ಕೂಲಿ. ಕಲ್ಲಿನ ಬುಡಕ್ಕೆ ಸಿಮೆಂಟ್ ಕಾಂಕ್ರೀಟ್ ಸುರಿಯುವ ಸಲಹೆಯನ್ನು ಕುಟಿಗರೇ ಬೇಡವೆಂದರು. ಮೂರನೇ ಒಂದು ಭಾಗ ನೆಲದೊಳಗಿಟ್ಟು, ಸುತ್ತ ಗುಂಡುಕಲ್ಲು ಮತ್ತು ಗರಸು ತುಂಬಿ, ನೀರು ಹಾಕಿ ಹಾರೆಯಿಂದ ಗಿಡಿದರು. ಎರೆ ನೆಲ ಮಿಸುಕಿದರೂ ಕಲ್ಲು ವಾಲದೆ ನಿಲ್ಲುವುದು ಹಾಗೆಯೇ ಎಂದರು. ಈ ಮಳೆಗಾಲ ಕಳೆದಿದೆ, ವಾಲಿಲ್ಲ.

ಕಾಗದಕ್ಕೆ ಸಿಗದ ಇತಿಹಾಸ ನಮ್ಮ ನಿವೃತ್ತ ಚಾಲಕರ ಬಾಯಲ್ಲಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಿಂದ ಓಡಿಸುತ್ತಿದ್ದ ಬಗೆಯನ್ನು ಅವರು ತಮ್ಮ ಹಿರಿಯ ಚಾಲಕರಿಂದ ಕೇಳಿ ಬಲ್ಲರು. "ತಮ್ಮಾ, ಏರು ಬಂತಂದ್ರ ಗಾಡಿ ದಮ್ ಬಿಡ್ತಿತ್ತಂತ. ಮಂದಿ ಇಳಿದು ನೂಕೋದು, ಮ್ಯಾಲೆ ಹೋಗಿ ಹತ್ತೋದು, ಟಿಕೇಟಿನ ರೊಕ್ಕ ಮಾತ್ರ ಪೂರಾ!" ಎಂದು ನಕ್ಕರು. ಮಾತು ಧ್ವನಿಮುದ್ರಿಸುವ ಮೊದಲು ಅವರಿಂದ ಒಪ್ಪಿಗೆಯ ಸಹಿ ಪಡೆದೆವು. ಯಾವ ಮಾತು ಕಣ್ಣಾರೆ ಕಂಡದ್ದು, ಯಾವುದು ಕೇಳಿದ್ದು ಎಂಬುದನ್ನು ಬೇರೆ ಬೇರೆ ಬರೆದಿಟ್ಟಿದ್ದೇವೆ. ಹೀಗೆ ಮಾಡದಿದ್ದರೆ ಹತ್ತು ವರ್ಷದ ಮೇಲೆ ಕೇಳುವವರಿಗೆ ಎರಡೂ ಒಂದೇ ಆಗಿಬಿಡುತ್ತವೆ.

ಅಚ್ಚುಗಳು, ನಕ್ಷೆ, ಆದೇಶ ಮತ್ತು ಉರ್ದು ಕಡತದ ಕನ್ನಡ ಸಾರಾಂಶದ ಒಂದೊಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ, ನಮ್ಮ ಶಾಲೆಯ ಗ್ರಂಥಾಲಯಕ್ಕೆ ಮತ್ತು ತಹಶೀಲ್ದಾರರ ಕಡತಕ್ಕೆ ಸೇರಿಸಿ ಸ್ವೀಕೃತಿ ಪಡೆದಿದ್ದೇವೆ. ಕವಿತಾಳದಿಂದ ಮುಂದೆ ಲಿಂಗಸುಗೂರಿನ ಕಡೆಗೆ ಇನ್ನೂ ಎರಡು ತಿರುವುಗಳು ನಕ್ಷೆಯಲ್ಲಿ ಕಾಣುತ್ತಿವೆ. ಅವುಗಳ ಆಕಾರಬಂದಿಗೆ ಅರ್ಜಿ ಹೋಗಿದೆ. ಈಗ ಆ ಹೊಲಗಳಲ್ಲಿ ಬಿಳಿಜೋಳ ನಿಂತಿರುವುದರಿಂದ ಸ್ಥಳಪರಿಶೀಲನೆಯನ್ನು ಕೊಯ್ಲು ಮುಗಿದ ಮೇಲೆ ಇಟ್ಟುಕೊಂಡಿದ್ದೇವೆ.